ಎರಡು ಮುಷ್ಟಿ ಬೇವಿನ ಹೂವು

ಯಲ್ಲಕ್ಕನಿಗೆ ಅತ್ತೆಯ ಬಾಯಿಂದ ಒಂದು ಹೊಗಳಿಕೆಯೂ ಸಿಕ್ಕಿರಲಿಲ್ಲ. ಪ್ರತಿ ಯುಗಾದಿಗೂ ಬೇವಿನ ಪಾನಕ ಕಲಸುತ್ತಿದ್ದವಳು ಅವಳೇ. ಈ ವರ್ಷ ಅತ್ತೆ ಮಾಳವ್ವ, "ಹೊಸಾ ಸೊಸಿ ಕಲಸ್ಲಿ, ನೋಡೂಣು" ಅಂದುಬಿಟ್ಟಳು.

ಕಿರಿಸೊಸೆ ವೈಶಾಲಿ ಮಹಾಲಿಂಗಪುರದ ತವರಿನ ಬೆಲ್ಲ, ಹುಣಸೆಹುಳಿ, ಪುಟಾಣಿ, ಚಿಟಿಕೆ ಬೇವಿನ ಹೂವು ಹಾಕಿ ಗಡಿಗೆ ತುಂಬಿಸಿ, ಗಂಡಸರನ್ನು ಕರೆಯಲು ಹೋದಳು. ಯಲ್ಲಕ್ಕ ಇನ್ನೂ ಎರಡು ಮುಷ್ಟಿ ಬೇವಿನ ಹೂವು ಹಿಸುಕಿ ಅದರಲ್ಲಿ ಕದಡಿದಳು. ಮುದುಕಿ ಎಲ್ಲರ ಮುಂದೆ ಉಗುಳಬೇಕು, ಅಷ್ಟೇ.

ಮಾಳವ್ವ ಗುಟುಕು ಕುಡಿದು ಕಣ್ಣು ಮುಚ್ಚಿದಳು. "ನಮ್ಮವ್ವನ ಕೈಯಾಗಿನ ಬೇವು ಹಿಂಗ ಇರ್ತಿತ್ತು. ಇಷ್ಟ ವರ್ಷ ಯಲ್ಲಕ್ಕ ಬರೇ ಬೆಲ್ಲದ ನೀರು ಕುಡಿಸಿದ್ಲು. ಇನ್ನ ಮ್ಯಾಲ ನೀನ ಕಲಸು, ವೈಶಾಲಿ. ಯಲ್ಲಕ್ಕ, ಅಡಗಿಮನಿ ಕೀಲಿನೂ ಆಕಿಗೆ ಕೊಡು."

ಯಲ್ಲಕ್ಕ ಸೊಂಟದಿಂದ ಕೀಲಿ ಬಿಚ್ಚಿಕೊಟ್ಟಳು. ಆ ಹಬ್ಬದಲ್ಲಿ ಅವಳು ಕಳೆದುಕೊಂಡದ್ದು ಎರಡು: ಬೇವಿನ ಗಡಿಗೆ, ಅಡುಗೆಮನೆ.