ಹತ್ತು ದಿನದಲ್ಲಿ ಪಶ್ಚಾತ್ತಾಪ

ಹನ್ನೊಂದನೆಯ ಈರುಳ್ಳಿಯೂ ಸೋತಿತು. ಸುಬ್ಬರಾಯರ ಕಣ್ಣಲ್ಲಿ ಒಂದು ಹನಿ ಇಲ್ಲ. ಎದುರಿಗೆ ಕೂತಿದ್ದ ಅವರ ವಕೀಲೆ ನಮಿತಾಳ ಕಣ್ಣು ಮೂಗು ಮಾತ್ರ ಧಾರಾಕಾರ ಸುರಿಯುತ್ತಿದ್ದವು.

"ಪ್ಲೀಸ್ ಅಂಕಲ್, ಸ್ವಲ್ಪ ಆದ್ರೂ ಅಳಿ. ಹತ್ತೇ ದಿನ ಇರೋದು. ಜಡ್ಜ್ ಮುಂದೆ ಹೀಗೇ ನಿಂತ್ರೆ ಹತ್ತು ವರ್ಷ ಪಕ್ಕಾ."

"ಎಷ್ಟು ಹನಿಗೆ ಎಷ್ಟು ತಿಂಗಳು ಕಮ್ಮಿ ಆಗುತ್ತೆ, ಒಂದು ಅಂದಾಜು ಹೇಳ್ಬಿಡಮ್ಮ," ಎಂದರು ಸುಬ್ಬರಾಯರು.

ಲೆಕ್ಕದ ಮನುಷ್ಯ. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಸೂರತ್ತಿಗೆ ಬಂದವರು, ನೌಕರಿ ಬಿಟ್ಟು ಫೈನಾನ್ಸ್ ಕಂಪನಿ ತೆರೆದರು. ಮೂರು ವರ್ಷಕ್ಕೆ ದುಪ್ಪಟ್ಟು ಎಂದರು. ಆರು ಸಾವಿರ ಜನ ನಂಬಿದರು. ಇನ್ನೂರ ನಲವತ್ತು ಕೋಟಿಗೆ ಮೂರು ನಾಮ ಬಿತ್ತು. ಈಗ ಜಾಮೀನಿನ ಮೇಲೆ ಹೊರಗಿದ್ದರು. ತಪ್ಪೊಪ್ಪಿಕೊಂಡು, ಪಶ್ಚಾತ್ತಾಪಪಟ್ಟು, ಹತ್ತು ವರ್ಷದ ಶಿಕ್ಷೆಯನ್ನು ಮೂರಕ್ಕೆ ಇಳಿಸಿಕೊಳ್ಳಬೇಕೆಂಬುದು ನಮಿತಾಳ ಯೋಜನೆ. ಅವಳ ಮೊದಲ ದೊಡ್ಡ ಕೇಸು. ಯೋಜನೆಯಲ್ಲಿ ಎಲ್ಲವೂ ಇತ್ತು, ಪಶ್ಚಾತ್ತಾಪವೊಂದನ್ನು ಬಿಟ್ಟು.

ಅದನ್ನು ಕಲಿಸಲು ಮುಂದೆ ಬಂದವರು ಶಂಕರನಾರಾಯಣ ಭಟ್ಟರು, ಸೂರತ್ತಿನ ಉಧ್ನಾ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಮಾಲೀಕರು. ಹರೆಯದಲ್ಲಿ ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕಿ ಊರಿಗೆ ಊರನ್ನೇ ಅಳಿಸಿದ ಜನ. ಫೀಸಿನ ಮಾತೆತ್ತಿದರೆ ಕಿವಿ ಮುಚ್ಚಿಕೊಂಡರು.

"ಎಂತ ಫೀಸು ಮಾರಾಯ್ತಿ? ದುಡ್ಡು ಕಳ್ಕೊಂಡ ನಮ್ಮ ಜನ ದಿನಾ ಇಲ್ಲಿ ಕೂತು ಕಣ್ಣೀರು ಹಾಕ್ತಾರೆ. ಇವರು ಕೋರ್ಟಲ್ಲಿ ನಿಂತು 'ತಪ್ಪು ನನ್ನದು' ಅಂತ ಒಂದು ಮಾತು ಹೇಳಿದ್ರೆ ಸಾಕು, ಎಲ್ಲರ ಹೊಟ್ಟೆ ತಣ್ಣಗಾಗ್ತದೆ."

ನಮಿತಾ ತೆರೆದ ಪರ್ಸನ್ನು ಮುಚ್ಚಿದಳು. ಇಂಥವರು ಇನ್ನೂ ಇದ್ದಾರಲ್ಲ! ಭಟ್ಟರು ಆ ಕಂಪನಿಯಲ್ಲಿ ಒಂದು ಪೈಸೆ ಇಟ್ಟವರಲ್ಲ. ಎಲ್ಲರೂ ಮುಳುಗಿದ ವರ್ಷವೇ ವಡೋದರಾದಲ್ಲೊಂದು, ಭೋಪಾಲ್‌ನಲ್ಲೊಂದು ಶಾಖೆ ತೆರೆದ ಪುಣ್ಯವಂತರು. ದೇವರು ಸುಮ್ಮನೆ ಕೊಡುವುದಿಲ್ಲ ಎಂದುಕೊಂಡಳು.

ಎರಡನೆಯ ದಿನ ಹಸಿಮೆಣಸು. ಬರೀ ಬಿಕ್ಕಳಿಕೆ ಬಂತು. ಮೂರನೆಯ ದಿನ ಯಕ್ಷಗಾನದ ಶೋಕ. ಸುಬ್ಬರಾಯರು ಎದೆ ಬಡಿದುಕೊಂಡ ರಭಸಕ್ಕೆ ಪಕ್ಕದ ಟೇಬಲಿನ ಸೀರೆ ವ್ಯಾಪಾರಿ ಹೃದಯಾಘಾತವೆಂದು ಬಗೆದು ಆಂಬುಲೆನ್ಸ್ ಕರೆಸಿದ. ಆಂಬುಲೆನ್ಸಿನವರು ಬಂದ ತಪ್ಪಿಗೆ ಮಸಾಲೆ ದೋಸೆ ತಿಂದು ಹೋದರು.

ಪಾಠಕ್ಕೆ ನಿಯಮ ಒಂದೇ. ಭಟ್ಟರು ಅದನ್ನು ದಿನವೂ ಬಾಯಿಪಾಠ ಮಾಡಿಸುತ್ತಿದ್ದರು.

"ಇನ್ನೊಬ್ಬರ ಹೆಸರು ಎತ್ತಬಾರದು ರಾಯರೇ. ಅವರು ಹಾಗೆ ಮಾಡಿದ್ರು, ಇವರು ಹೀಗೆ ಹೇಳಿದ್ರು ಅಂತ ಹೊರಟ್ರೆ ಅದು ಪಶ್ಚಾತ್ತಾಪ ಅಲ್ಲ, ಚಾಡಿ. ಹೇಳಿ, ಮಾಡಿದ್ದು ಯಾರು?"

"ನಾನೊಬ್ಬನೇ."

"ಜೋರಾಗಿ."

"ನಾನೊಬ್ಬನೇ ಕಣ್ರೀ!"

ಎಂಥ ದೊಡ್ಡ ಮಾತು! ನಮಿತಾ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಏಳನೆಯ ದಿನ ಭಟ್ಟರು ಬೇರೆ ಮದ್ದು ಹಿಡಿದರು. ಮುಳುಗಿದವರ ಹೆಸರನ್ನು ಒಂದೊಂದಾಗಿ ಹೇಳತೊಡಗಿದರು. ಕೈಯಲ್ಲಿ ಚೀಟಿಯಿಲ್ಲ, ಪುಸ್ತಕವಿಲ್ಲ.

"ರೈಲ್ವೆ ಕ್ವಾರ್ಟರ್ಸಿನ ಗೌರಮ್ಮ. ಯುಗಾದಿಯ ಮರುದಿನ. ನಾಲ್ಕೂವರೆ ಲಕ್ಷ, ಐನೂರರ ಒಂಬತ್ತು ಕಟ್ಟು. ಮೇಲಿನ ಕಟ್ಟಿನಲ್ಲಿ ಎರಡು ಹರಿದ ನೋಟು."

ಪಾಪ, ಗಿರಾಕಿಗಳ ಕಷ್ಟವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ನಮಿತಾ ನೋಡುತ್ತಿರುವಾಗಲೇ ಬಾಗಿಲಲ್ಲಿ ಸಾಕ್ಷಾತ್ ಗೌರಮ್ಮ. ಹುಬ್ಬಳ್ಳಿಯ ಮುದುಕಿ. ಚಪ್ಪಲಿ ಕೈಗೆ ಬಂದೀತೆಂದು ನಮಿತಾ ಕುರ್ಚಿಯ ಹಿಂದೆ ಸರಿದಳು. ಗೌರಮ್ಮ ಸುಬ್ಬರಾಯರನ್ನು ಮೇಲಿನಿಂದ ಕೆಳಗೆ ನೋಡಿದರು.

"ಏನ್ರೀ ರಾಯರ, ಹಿಂಗ್ಯಾಕ ಸೊರಗೀರಿ? ಊಟಾ ಮಾಡೀರಿಲ್ಲೋ?"

ದುಡ್ಡು ಹೋದ ಮೇಲೆ ಅವರು ತರಿಸುತ್ತಿದ್ದದ್ದು ಒಂದೇ ಇಡ್ಲಿ. ಅದನ್ನು ಮುರಿದು ಅರ್ಧವನ್ನು ಸುಬ್ಬರಾಯರ ಮುಂದಿಟ್ಟರು. "ತಿನ್ನರಿ. ಹಸಿದ ಹೊಟ್ಟ್ಯಾಗ ಕುಂದರಬಾರದು."

ಸುಬ್ಬರಾಯರು ಅತ್ತರು. ಎಳೆ ಕೂಸಿನ ಹಾಗೆ ಹೋ ಎಂದು ಅತ್ತರು. ಅಳು ನಿಲ್ಲಲೇ ಇಲ್ಲ. ಆಟೋದಲ್ಲಿ ಅತ್ತರು, ಸಿಗ್ನಲ್ಲಿನಲ್ಲಿ ಅತ್ತರು, ಔಷಧಿ ಅಂಗಡಿಯಲ್ಲಿ ಅಳು ನಿಲ್ಲುವ ಮಾತ್ರೆ ಕೇಳುತ್ತಲೇ ಅತ್ತರು. "ಅಂಕಲ್, ಕೋರ್ಟಿಗೂ ಸ್ವಲ್ಪ ಇಟ್ಕೊಳ್ಳಿ," ಎಂದು ನಮಿತಾ ಗೋಗರೆದಳು. ಭಟ್ಟರಿಗಂತೂ ಮುಗಿಲು ಮೂರೇ ಗೇಣು. ಅವತ್ತು ಎಲ್ಲರಿಗೂ ಕಾಫಿ ಪುಕ್ಕಟೆ.

ಕೋರ್ಟಿನ ದಿನ ಭಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಸುಬ್ಬರಾಯರು ಕಟಕಟೆ ಹತ್ತಿದರು. ಆರು ಸಾವಿರ ಮನೆ ಕೆಡಿಸಿದೆ ಎಂದರು. ತಪ್ಪು ನನ್ನದು ಎಂದರು. ಅವರ ಒಂದೊಂದು ಮಾತಿಗೂ ಭಟ್ಟರ ತುಟಿ ಕೂಡಿಕೊಂಡು ಅಲ್ಲಾಡುತ್ತಿತ್ತು. ಪೊಲೀಸ್ ಪೇದೆ ಟೋಪಿಯಲ್ಲಿ ಕಣ್ಣೊರೆಸಿಕೊಂಡ. ನ್ಯಾಯಾಧೀಶರ ಮುಖ ಮೆತ್ತಗಾಗುತ್ತಿತ್ತು. ಐದು ವರ್ಷ, ನಾಲ್ಕು, ಮೂರು ಎಂದು ನಮಿತಾ ಮನಸ್ಸಿನಲ್ಲೇ ಇಳಿಸುತ್ತ ಹೋದಳು.

"ಮೂರು ವರ್ಷ ಸಾಲದು ಸಾಹೇಬ್ರೇ," ಎಂದರು ಸುಬ್ಬರಾಯರು. "ಪೂರಾ ಹತ್ತೂ ಕೊಡಿ."

ನಮಿತಾ ತಲೆಯ ಮೇಲೆ ಕೈ ಹೊತ್ತಳು. ಭಟ್ಟರು ಮಾತ್ರ ಭೇಷ್ ಎಂಬಂತೆ ತಲೆದೂಗಿದರು. ನ್ಯಾಯಾಧೀಶರು ಕನ್ನಡಕ ತೆಗೆದರು. ಅಳುವವರನ್ನು ಮೂವತ್ತು ವರ್ಷದಿಂದ ಕಂಡವರು.

"ಇದು ಮನಸ್ಸಿನಿಂದ ಬಂದದ್ದೋ, ಯಾರಾದರೂ ಹೇಳಿಕೊಟ್ಟದ್ದೋ? ನಿಜ ಹೇಳಿ."

ಸುಬ್ಬರಾಯರು ಮೂಗೊರೆಸಿಕೊಂಡರು. ಮುಂದಿನ ಸಾಲಿನ ಕಡೆ ತಿರುಗಿ, ತುಂಬು ಭಕ್ತಿಯಿಂದ ಕೈ ಮುಗಿದರು.

"ಕಲಿಸಿದ್ದು ಈ ಭಟ್ಟರು ಸಾಹೇಬ್ರೇ, ಆದರೆ ಮನಸ್ಸಿಗೇ ನಾಟಿಬಿಟ್ಟಿದೆ, ಇನ್ನು ಸುಳ್ಳು ಹೇಳಲಾರೆ: ಇನ್ನೂರ ನಲವತ್ತರಲ್ಲಿ ನೂರಿಪ್ಪತ್ತು ಕೋಟಿ ಅವರ ಪಾಲು."