ವೆಲ್ಲೂರಿಗೆ ಹೊರಟ ತೀರ್ಥ

ಅಕ್ಕಿ ಚೀಲದ ಬಾಯಿ ಕಟ್ಟುವ ಮೊದಲು ತಂಗಮ್ಮ ಸುಮ್ಮನೆ ಒಮ್ಮೆ ಒಳಗೆ ಕೈಯಾಡಿಸಿದಳು. ಬೆರಳಿಗೆ ತಣ್ಣಗೆ ಏನೋ ತಗಲಿತು. ಎಳೆದು ನೋಡಿದರೆ ಟಾನಿಕ್ಕಿನ ಹಳೆಯ ಶೀಶೆ, ಬಿಗಿಯಾಗಿ ಬಿರಡೆ ಹಾಕಿದ್ದು, ಒಳಗೆ ತಿಳಿನೀರು. ಅದು ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಸೀಮೆಯ ಮನೆಗಳಲ್ಲೆಲ್ಲ ಅದನ್ನು ದೇವರ ಗೂಡಿನಲ್ಲಿ ವರ್ಷವಿಡೀ ಕಾದಿಡುತ್ತಾರೆ, ಯಾರಾದರೂ ಕೊನೆಯುಸಿರು ಎಳೆಯುವಾಗ ಬಾಯಿಗೆ ಎರಡು ಹನಿ ಬಿಡಲು.

"ಅತ್ತೆ, ಇದು ಎಂಥ?"

ಕೂವೆ ಹುಡಿಯ ಡಬ್ಬಿಗೆ ಬಟ್ಟೆ ಬಿಗಿಯುತ್ತಿದ್ದ ಬೊಳ್ಳಮ್ಮ ತಲೆ ಎತ್ತಲಿಲ್ಲ. "ಇರ್ಲಿ ಬಿಡು. ದೂರದ ಊರು. ದಾರಿಗೆ ಒಳ್ಳೇದು."

"ದಾರಿಗೆ ಬೇಕಾದ್ದು ಬುತ್ತಿ. ಇದು ಬೇಡಾಂತ ಮೊನ್ನೆಯೇ ಹೇಳಿದ್ದೆ. ನಾವು ಹೋಗ್ತಿರುದು ವಾಸಿ ಮಾಡಿಸಿಕೊಂಡು ಬರ್ಲಿಕ್ಕೆ."

ವಾಸಿಯಾಗಬೇಕಾದವನು ತಂಗಮ್ಮನ ಗಂಡ ಪದ್ಮಯ್ಯ. ಆರು ತಿಂಗಳಿಂದ ತಲೆನೋವು, ಬೆಳಗಾದರೆ ವಾಂತಿ. ಕೊನೆಗೊಂದು ದಿನ ಒಳ್ಳೆಮೆಣಸಿನ ಬಳ್ಳಿಗೆ ಒರಗಿಸಿದ್ದ ಏಣಿಯಿಂದ ಕೆಳಗೆ ಬಿದ್ದ. ಕೊಡಗು ಮೈಸೂರಿಗೆ ಸೇರಿದ ಮೇಲೆ ಮಡಿಕೇರಿಗೆ ಬಂದಿದ್ದ ಹೊಸ ಡಾಕ್ಟರು ಮೈಸೂರಿಗೆ ಬರೆದುಕೊಟ್ಟರು, ಮೈಸೂರಿನವರು ವೆಲ್ಲೂರಿಗೆ. ಮಿದುಳಿನಲ್ಲಿ ಗಡ್ಡೆ, ತಲೆಬುರುಡೆ ತೆರೆದು ತೆಗೆಯಬೇಕು, ಮುಂದೆ ಆರು ವಾರ ಅಲ್ಲೇ ಕೋಣೆ ಹಿಡಿದು ಬೇಯಿಸಿಕೊಂಡು ಇರಬೇಕು.

ಆ ದಿನದಿಂದ ಮನೆಯಲ್ಲಿ ತಂಗಮ್ಮನದೇ ಕಾನೂನು. ಅವಳು ಹಿಡಿದದ್ದೆಂದರೆ ಉಡದ ಪಟ್ಟು. ಪೆಟ್ಟಿಗೆಗೆ ಹಾಕಿದ್ದೆಲ್ಲ ಆಪರೇಷನ್ ಮುಗಿದ ಮೇಲೆ ಬೇಕಾಗುವ ಸಾಮಾನೇ. ಕಟ್ಟು ಕಟ್ಟಿದ ತಲೆಯ ಮೇಲಿಂದ ಬಟ್ಟೆ ಎಳೆಯಲಾಗದು ಎಂದು ಆರು ಬನಿಯನ್ನುಗಳನ್ನು ಎದೆಯ ಮೇಲೆ ಉದ್ದಕ್ಕೆ ಸೀಳಿ ಲಾಡಿ ಹೊಲಿದಿದ್ದಳು. ಬೋಳಿಸಿದ ತಲೆಗೆ ಉಲ್ಲನ್ ಟೋಪಿ. ಗಂಜಿಗೆ ಕೂವೆ ಹುಡಿ. ನಾಲಗೆಗೆ ರುಚಿ ತಿರುಗಿದಾಗ ಮೀನಿನ ಸಾರಿಗೆ ಹುಳಿ ಬೇಕಲ್ಲ, ಒಂದು ಶೀಶೆ ಕಾಚಂಪುಳಿ. ಗಂಡ ಉಳಿಯದಿದ್ದರೆ ಬೇಕಾಗುವಂಥದ್ದು ಒಂದು ಸೂಜಿಯೂ ಈ ಹೊಸಿಲು ದಾಟಬಾರದು. ದಾಟಿದರೆ ಸಾವನ್ನು ತಾನೇ ಕೈಹಿಡಿದು ಬಸ್ಸು ಹತ್ತಿಸಿದಂತೆ ಎಂದು ಅವಳಿಗೆ ಭಯ. ಆ ಭಯಕ್ಕೆ ಮನೆಯವರೆಲ್ಲ ಧೈರ್ಯವೆಂದು ಹೆಸರಿಟ್ಟಿದ್ದರು.

ಎರಡನೆಯ ಶೀಶೆ ಕಂಬಳಿಯ ಸುರುಳಿಯೊಳಗೆ ಸಿಕ್ಕಿತು. ಅದು ಬ್ರಾಂಡಿಯ ಕ್ವಾರ್ಟರ್ ಬಾಟ್ಲಿ, ಒಳಗೆ ಅದೇ ತಿಳಿನೀರು. ತಂಗಮ್ಮ ಅದನ್ನು ಅತ್ತೆಯ ಮುಂದೆ ಹಿಡಿದಳು.

"ನಂದಲ್ಲ ಮಾರಾಯ್ತಿ," ಎಂದಳು ಬೊಳ್ಳಮ್ಮ. "ನಾ ಇಟ್ಟದ್ದು ಒಂದೇ."

ಪೆಟ್ಟಿಗೆ ಕಟ್ಟಲು ಹಗ್ಗ ಹಿಡಿದು ಬಂದ ಮೈದುನ ಗುರುವಪ್ಪ ಬಾಗಿಲಲ್ಲೇ ನಿಂತ. ರಕ್ತ ಕೊಡುವವರು ಬೇಕೆಂದು ಆಸ್ಪತ್ರೆಯಿಂದ ಕಾಗದ ಬಂದಾಗ ಎಲ್ಲರಿಗಿಂತ ಮೊದಲು ಹೊರಟವನು ಅವನೇ.

"ಅತ್ತಿಗೆ, ಬಾಟ್ಲಿ ಚೆನ್ನಾಗಿ ತೊಳೆದಿದ್ದೆ. ಬೂದಿ ಹಾಕಿ ಮೂರು ಸಲ."

ತಂಗಮ್ಮನಿಗೆ ನಗು ಬರಬೇಕಿತ್ತು, ಅಳು ಬಂತು. "ನೀವೆಲ್ಲ ಸೇರಿ ಅವರನ್ನ ಈಗಲೇ ಕಳಿಸಿ ಆಯ್ತು," ಎಂದಳು. ಎರಡೂ ಶೀಶೆಗಳನ್ನು ದೇವರ ಗೂಡಿಗೆ ತಾನೇ ಒಯ್ದಿಟ್ಟು ಕೈ ಮುಗಿದು ಬಂದಳು.

ಹತ್ತು ಗಂಟೆಗೆ ಮಡಿಕೇರಿಯ ಬಸ್ಸು. ಪದ್ಮಯ್ಯ ಜಗಲಿಯ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಬೆಳಕು ಅವನಿಗೆ ಆಗುತ್ತಿರಲಿಲ್ಲ, ಬಿಸಿಲು ಬೇಕಿತ್ತು. ತೊಡಿಸಲು ತಂಗಮ್ಮ ಕೋಟು ಬಿಡಿಸಿದಾಗ ಒಳಕಿಸೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ತಲೆನೋವಿನ ಎಣ್ಣೆಯ ಪುಟ್ಟ ಶೀಶೆ. ಒಳಗೆ ಎಣ್ಣೆ ಇರಲಿಲ್ಲ, ನೀರಿತ್ತು. ಬಿರಡೆಯ ಸುತ್ತ ದಾರ ಸುತ್ತಿತ್ತು, ಅಡ್ಡಾದಿಡ್ಡಿಯಾಗಿ. ಆ ಮನೆಯಲ್ಲಿ ಕೈ ನಡುಗುವವನು ಒಬ್ಬನೇ.

"ಇದು ನೀವಾ ಇಟ್ಟದ್ದು?"

"ಹ್ಞೂ. ಕೇಳಿದ್ರೆ ನೀ ಬೇಡ ಅಂತೀಯಾಂತ ಗೊತ್ತುಟ್ಟು."

"ಅಂದ್ರೆ ನಿಮಗೂ ನಂಬಿಕೆ ಇಲ್ಲೆ."

"ನಂಬಿಕೆ ಉಟ್ಟು. ಬರ್ತೇನೆ ಅಂತಲೇ ಹೊರಟಿರುದು." ಪದ್ಮಯ್ಯ ಕಣ್ಣು ತೆರೆಯದೆಯೇ ಹೇಳಿದ. "ಬಾರದೆ ಹೋದ್ರೆ? ಅಷ್ಟು ದೂರದಿಂದ ನನ್ನನ್ನ ಹೊತ್ತು ತರುದು ಆಗುವ ಕೆಲಸವಲ್ಲ. ಆ ಹೊತ್ತಿಗೆ ಇದನ್ನ ಅಲ್ಲಿ ಯಾರ ಹತ್ರ ಹೋಗಿ ಕೇಳ್ತಿ ನೀನು? ಆ ಊರವರಿಗೆ ಇದು ಬರೀ ನೀರು."

ಆರು ತಿಂಗಳಲ್ಲಿ ಆ ಮಾತನ್ನು ಯಾರೂ ಅವಳೆದುರು ಬಾಯಿಬಿಟ್ಟು ಆಡಿರಲಿಲ್ಲ. ಆಡದಂತೆ ಅವಳೇ ನೋಡಿಕೊಂಡಿದ್ದಳು. ಈಗ ಆಡಿದವನು ಅವನೇ, ನಾಳೆ ಕಾಫಿ ಪಿಕ್ಕಿಂಗಿಗೆ ಎಷ್ಟು ಆಳು ಬೇಕೆಂದು ಹೇಳುವ ದನಿಯಲ್ಲಿ. ತಂಗಮ್ಮ ಜಗಲಿಯ ಅಂಚಿನಲ್ಲಿ ಅವನ ಪಕ್ಕ ಕೂತಳು.

ಗುರುವಪ್ಪ ಪೆಟ್ಟಿಗೆ ಹೊತ್ತು ಅಂಗಳಕ್ಕೆ ಇಳಿದ. ತಂಗಮ್ಮ ಶೀಶೆಯ ದಾರ ಬಿಚ್ಚಿದಳು. ಬಿರಡೆ ಒತ್ತಿ, ಮತ್ತೆ ಬಿಗಿಯಾಗಿ ಸುತ್ತಿ, ಹಲ್ಲಿನಿಂದ ಕಚ್ಚಿ ಗಂಟು ಹಾಕಿದಳು. ಪದ್ಮಯ್ಯ ಕೈ ಚಾಚಿದ. ಅವಳು ಶೀಶೆಯನ್ನು ತನ್ನ ರವಿಕೆಯೊಳಗೆ ಸಿಕ್ಕಿಸಿಕೊಂಡು ಎದ್ದಳು.

"ಕೊಡು ಇಲ್ಲಿ," ಎಂದ ಅವನು.

"ನಿಮ್ಮ ಕಿಸೇಲಿದ್ದು ಎಂಥ ಪ್ರಯೋಜನ?" ಎಂದಳು ತಂಗಮ್ಮ, ಅವನ ತೋಳಿಗೆ ಕೋಟು ಏರಿಸುತ್ತ. "ಬಾಯಿಗೆ ಬಿಡಬೇಕಾದವಳು ನಾನಲ್ವಾ."