ಇರುವೆ ಹತ್ತಿದ ದಿಂಬು

ನಮ್ಮ ಬೀದಿಯ ಇರುವೆಗಳಿಗೆ ಸಕ್ಕರೆ ಬೇಡ. ಕ್ಯಾನ್ಸರ್ ಗಡ್ಡೆಯ ವಾಸನೆ ಹಿಡಿಯುವುದೇ ಅವುಗಳ ಕಸುಬು. ದಿನಾ ಬೆಳಿಗ್ಗೆ ರಂಗೋಲಿ ಹಾಕಿ, ಪಕ್ಕದಲ್ಲಿ ಮನೆಮಂದಿಯ ದಿಂಬಿನ ಕವರ್ ಹಾಸುತ್ತೇವೆ. ಯಾರದಕ್ಕೆ ಇರುವೆ ಹತ್ತಿತೋ ಅವರು ಆಸ್ಪತ್ರೆಗೆ ಹೋಗುತ್ತಾರೆ. ಬೇಗ ಹೋದವರು ಗುಣವಾಗಿ ಬರುತ್ತಾರೆ.

ಉಂಡ ತಟ್ಟೆಯನ್ನೂ ಎತ್ತದ ನನ್ನ ಗಂಡ, ಯುಗಾದಿಗೆ ನಾನು ತವರಿಗೆ ಹೋಗಿ ಬಂದಾಗಿನಿಂದ ತಮ್ಮ ಕವರ್ ತಾವೇ ಒಗೆದು, ಇಸ್ತ್ರಿ ಹಾಕಿ ಒಣಗಿಸಿ ಹೊರಗಿಡುತ್ತಿದ್ದರು. ಮಲಗುವುದು ಪಡಸಾಲೆಯಲ್ಲಿ. ಲೋಟವೂ ಬೇರೆ. ಯಾವಳದೋ ತಲೆಯೆಣ್ಣೆ ವಾಸನೆ ತೊಳೆಯುತ್ತಿದ್ದಾರೆ ಎಂದುಕೊಂಡೆ. ಒಗೆಯುವ ಮೊದಲು ಮೂಸಿದರೆ ಅವರ ಅಂಗಡಿಯ ಮಿರ್ಚಿ ಕರಿದ ವಾಸನೆ ಬಿಟ್ಟು ಬೇರೇನೂ ಇಲ್ಲ. ಹಾಗಾದರೆ ಒಗೆಯುವುದೇಕೆ?

ಕವರ್‌ಗಳೆಲ್ಲ ಒಂದೇ ಬಟ್ಟೆಯವು. ಇವತ್ತು ಅವರು ಹಲ್ಲುಜ್ಜುವಾಗ ನನ್ನದನ್ನು ಅವರ ದಿಂಬಿಗೆ, ಅವರದನ್ನು ನನ್ನ ದಿಂಬಿಗೆ ತೊಡಿಸಿದೆ. ಅವರು ಎಂದಿನಂತೆ ಒಗೆದು ಇಟ್ಟರು. ನಾನು ಒಗೆಯದೆ ಇಟ್ಟೆ.

ನಾನಿಟ್ಟ ಕವರಿಗೆ ಇರುವೆಗಳು ಸಾಲುಗಟ್ಟಿ ಹತ್ತಿದವು.

ಗಂಡ ಹೊಸ್ತಿಲಲ್ಲೇ ಕುಸಿದು ಹಣೆ ಹಣೆ ಚಚ್ಚಿಕೊಂಡರು. "ನನ್ನದು ನಿನಗೂ ಅಂಟಿಬಿಡ್ತಾ ಶಿವಗಂಗಾ? ನೀನು ತವರಲ್ಲಿದ್ದಾಗ ನನ್ನ ಕವರಿಗೆ ಇರುವೆ ಹತ್ತಿತ್ತು. ಗೊತ್ತಾದರೆ ನನ್ನ ಕೈಯ ಮಿರ್ಚಿ ಯಾರು ತಿಂತಾರೆ ಅಂತ ಮುಚ್ಚಿಟ್ಟೆ. ನಿನಗೆ ಅಂಟಬಾರದು ಅಂತಲೇ ದೂರ ಮಲಗ್ತಿದ್ದೆನಲ್ಲೇ!"

"ಅಂಟೋಕೆ ಅದೇನು ನೆಗಡೀನಾ? ಅದು ನಿಮ್ಮದೇ ಕವರ್. ಬದಲಿಸಿಟ್ಟೋಳು ನಾನು" ಎಂದೆ.

ಅವರ ಮುಖದಲ್ಲಿ ನೆಮ್ಮದಿ ಕಂಡಿತು, ಇವಳಿಗೇನೂ ಇಲ್ಲವಲ್ಲ ಎಂಬ ನೆಮ್ಮದಿ. ನನಗೆ ಮೈಯೆಲ್ಲ ಉರಿದುಹೋಯಿತು.

"ಏಳಿ, ಅಂಗಿ ಹಾಕ್ಕೊಳ್ಳಿ, ಆಸ್ಪತ್ರೆಗೆ ಹೋಗೋಣ. ಇಷ್ಟು ದಿನ ಮುಚ್ಚಿಟ್ರಲ್ಲ! ಯಾವಳನ್ನಾದರೂ ಇಟ್ಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು."